ಚಿಂಚವಾಡಿಯಲ್ಲಿ ನಿಂತ ತುಳಜಾರಾಮ

ಬಸವಕಲ್ಯಾಣದ ಕಿಲ್ಲೆಯ ಹಿಂದಿನ ಗಲ್ಲಿಯಲ್ಲಿದ್ದ ತುಳಜಾರಾಮನಿಗೆ ಹುಮನಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸವಿತ್ತು. ಮನೆಯಲ್ಲಿ ಅಂಬುಬಾಯಿ ಎಂಬ ಹೆಂಡತಿ ಇದ್ದಳು, ಅಂಗಳದಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ಲು ಇತ್ತು. ಕಚೇರಿ, ಹೆಂಡತಿ, ಮೋಟಾರ್ ಸೈಕಲ್ಲು ಈ ಮೂರರಲ್ಲಿ ಒಂದೂ ಅವನ ಮಾತು ಕೇಳುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗಾಡಿ ವಿಲಾಯತಿಯದು. ನಿಜಾಮರ ಕಾಲದಲ್ಲಿ ಪೊಲೀಸ್ ಅಮೀನನೊಬ್ಬ ಅದರ ಮೇಲೆ ಕುಳಿತು ನಾಲ್ಕು ತಾಲೂಕುಗಳನ್ನು ಹೆದರಿಸುತ್ತಿದ್ದನಂತೆ. ಅಮೀನನ ಮೊಮ್ಮಗನ ಕಾಲಕ್ಕೆ ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ತುಳಜಾರಾಮ ಕೋಳಿಗಳನ್ನು ಎಬ್ಬಿಸಿ ಗಾಡಿಯನ್ನು ಮನೆಗೆ ತಂದ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅದಕ್ಕೆ ಒದೆಯುವುದು ಅವನ ನಿತ್ಯಕರ್ಮವಾಯಿತು. ಬಲಗಾಲಿನಿಂದ ಒದ್ದು ಸಾಕಾದಾಗ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತು ಎಡಗಾಲಿನಿಂದ ಒದೆಯುತ್ತಿದ್ದ. ಪಕ್ಕದ ಮನೆಯ ಉತ್ತಮ ಎಂಬವನು ಹಲ್ಲುಜ್ಜುತ್ತಾ ಕಟ್ಟೆಯ ಮೇಲೆ ಕುಳಿತು ಇದನ್ನು ನೋಡುತ್ತಿದ್ದ. ಗಾಡಿ ಚಾಲೂ ಆಗುವವರೆಗೂ ಅವನು ಬಾಯಿ ಮುಕ್ಕಳಿಸುತ್ತಿರಲಿಲ್ಲ. ಹೀಗಾಗಿ ಆ ಗಲ್ಲಿಯಲ್ಲಿ ಅವನ ಹಲ್ಲುಗಳಷ್ಟು ಬೆಳ್ಳಗಿನ ಹಲ್ಲು ಇನ್ನಾರಿಗೂ ಇರಲಿಲ್ಲ.

ಎಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ ಅಂಬುಬಾಯಿಯ ತಮ್ಮ ಕಾಶಿರಾಮ ಮೋರಖಂಡಿಯಿಂದ ಹೊಸ ಸ್ಕೂಟರಿನ ಮೇಲೆ ಬಂದ. ಬಂದವನು ಒಳಗೆ ಕೂರಲಿಲ್ಲ. ಅಂಗಳದಲ್ಲೇ ನಿಂತು ಸ್ಕೂಟರನ್ನು ಒಂದೇ ಒದೆತಕ್ಕೆ ಚಾಲೂ ಮಾಡಿ ತೋರಿಸಿದ. ಬಂದ್ ಮಾಡಿದ. ಅಕ್ಕ ನೋಡಲಿಲ್ಲವೇನೋ ಎಂದು ಮತ್ತೆ ಚಾಲೂ ಮಾಡಿದ.

"ದಾಜಿ, ನಿಮ್ಮ ಗಾಡಿ ಒಂದ ಕಿಕ್ಕಿಗೆ ಚಾಲೂ ಆದದ್ದು ನಾ ಅಂತೂ ನೋಡಿಲ್ಲ ಬಿಡ್ರಿ," ಎಂದ. ಅಕ್ಕನ ಗಂಡನನ್ನು ಅವನು ದಾಜಿ ಎಂದೇ ಕರೆಯುತ್ತಿದ್ದುದು.

ಹೆಂಡತಿಯ ಮುಂದೆ, ಅದೂ ಅವಳ ತಮ್ಮನ ಬಾಯಿಂದ ಬಂದ ಈ ಮಾತು ತುಳಜಾರಾಮನಿಗೆ ನಾಟಿತು. ಹಿಂದಿನ ದಿನ ಕಚೇರಿಗೆ ಭಜಿ ಕಟ್ಟಿಕೊಂಡು ಬಂದಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಓದಿದ್ದ ಒಂದು ಶಬ್ದ, ಎಣ್ಣೆಯ ವಾಸನೆಯ ಸಮೇತ, ಅವನ ಬಾಯಿಗೆ ಬಂತು.

"ನಾ ಇದಕ್ಕ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಸಾಕತ್ತೇನಿ."

ಕಾಶಿರಾಮ ಸ್ಕೂಟರ್ ಬಂದ್ ಮಾಡಿದ. ಅಂಬುಬಾಯಿ ಕೇಳಿದಳು, "ಹಂಗಂದ್ರೇನ್ರೀ?"

"ಹಂಗಂದ್ರ... ಟ್ರಾನ್ಸಿಸ್ಟರ್ ಇರ್ತದಲ್ಲ, ಅದು ಗಾಡಿ ಒಳಗ ಕುಂತು ಕಿಡಿ ಹಾರಸ್ತದ."

"ಹಾಂಗಾದ್ರ ಹಾಡೂ ಕೇಳಬಹುದೇನು?"

"ಬೇಕಾದ್ರ ಕೇಳಬಹುದು," ಎಂದ ತುಳಜಾರಾಮ. ಆಡಿದ ಮೇಲೆ ಹಿಂದೆಗೆಯುವ ಜಾಯಮಾನ ಅವನದಲ್ಲ. ಮುಂದೆ ಏನು ಮಾಡಬೇಕೆಂದು ಗೊತ್ತಿರುವ ಜಾಯಮಾನವೂ ಅಲ್ಲ.

ಮರುದಿನ ಅವನು ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ರೇಡಿಯೊ ರಿಪೇರಿ ಮಾಡುತ್ತಿದ್ದ ಅಲ್ಲಾಬಕ್ಷನ ಅಂಗಡಿಗೆ ಹೋದ. ಅಲ್ಲಾಬಕ್ಷ ಜೀವಮಾನದಲ್ಲಿ ಮೋಟಾರ್ ಸೈಕಲ್ ಬಿಚ್ಚಿದವನಲ್ಲ. ಆದರೆ ಟ್ರಾನ್ಸಿಸ್ಟರ್ ಎಂಬ ಮಾತು ಕೇಳಿದ ಕೂಡಲೇ ಅವನ ಕಣ್ಣು ಮಿಂಚಿತು. "ಟ್ರಾನ್ಸಿಸ್ಟರ್ ಅದ ಅಂದ್ರ ಅದು ರೇಡಿಯೋನೇ ಆತು, ಭಾಯಿಸಾಬ್. ಗಾಲಿ ಇರೋ ರೇಡಿಯೊ," ಎಂದು ತೀರ್ಮಾನಿಸಿ ಕೆಲಸಕ್ಕೆ ಇಳಿದೇಬಿಟ್ಟ. ಕಿಡಿ ಹಾರಿಸುವ ಹಳೆಯ ಪಾಯಿಂಟನ್ನು ಕಿತ್ತು ಹಾಕಿ, ಅದರ ಕೆಲಸ ಮಾಡುವ ಒಂದು ಯಂತ್ರವನ್ನು ಬಿಸ್ಕಿಟ್ ಡಬ್ಬಿಯೊಳಗೆ ಕೂರಿಸಿದ. ಡಬ್ಬಿಗೆ ಆರು ವೋಲ್ಟಿನ ಹಳೆಯ ಬ್ಯಾಟರಿ ಸಾಲದೆಂದು ಹನ್ನೆರಡು ವೋಲ್ಟಿನದನ್ನು ಹಾಕಿ, ವಾರಕ್ಕೊಮ್ಮೆ ತನ್ನಲ್ಲೇ ತಂದು ಚಾರ್ಜ್ ಮಾಡಿಸಿಕೊಳ್ಳಬೇಕೆಂದ. ಪೆಟ್ರೋಲ್ ಟಾಕಿಯ ಕೆಳಗೆ ಬೆಲ್ಲದ ಅಚ್ಚಿನಂತೆ ಕುಳಿತು ಕಿಡಿಗೆ ಬಲ ಕೊಡುವ ಕಾಯಿಲನ್ನು ಮಾತ್ರ ಮುಟ್ಟಲಿಲ್ಲ.

"ಇದು ಅಸಲಿ ವಿಲಾಯತಿ ಕಾಯಿಲ್. ಇದಕ್ಕ ಕೈ ಹಚ್ಚೋದು ಗುನಾಹ್," ಎಂದು ಅದನ್ನು ಬಟ್ಟೆಯಿಂದ ಒರೆಸಿ ಬಿಟ್ಟುಬಿಟ್ಟ.

ಗಾಡಿ ಒಂದೇ ಒದೆತಕ್ಕೆ ಚಾಲೂ ಆಗಿ, ರಾತ್ರಿಯ ಕೊರೆಯುವ ಚಳಿಯಲ್ಲಿ ಎಲ್ಲೂ ನಿಲ್ಲದೆ ಮನೆ ಮುಟ್ಟಿತು. ಮರುದಿನ ಬೆಳಿಗ್ಗೆ ಗಲ್ಲಿಯಲ್ಲಿ ಹಲ್ಲುಪುಡಿಯನ್ನು ಉತ್ತಮ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ತುಳಜಾರಾಮ ತಿರುವು ದಾಟಿ ಹೋಗಿದ್ದ.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಸರಿಯಾಗಿ ನಡುವೆ ಚಿಂಚವಾಡಿ ಎಂಬ ಹಳ್ಳಿ. ರಸ್ತೆಯ ಅಂಚಿಗೆ ಒಂದು ದೊಡ್ಡ ಹುಣಸೆಮರ, ಅದರ ಕೆಳಗೆ ಗಯಾಬಾಯಿಯ ಚಹಾದಂಗಡಿ. ಗಾಡಿ ಅಲ್ಲಿಗೆ ಬಂದದ್ದೇ ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ತುಳಜಾರಾಮ ಒದ್ದ. ಬಲಗಾಲಾಯಿತು, ಎಡಗಾಲಾಯಿತು. ಗಾಡಿ ಮಿಸುಕಲಿಲ್ಲ.

ಹುಣಸೆಮರದ ಕೆಳಗೆ ಊರ ಹಿರಿಯ ಸಂಗಪ್ಪಜ್ಜ ಕುಳಿತಿದ್ದ. ಅವನ ಎಡಗಿವಿ ಪೂರ್ತಿ ಮುಚ್ಚಿಹೋಗಿತ್ತು. ಬಲಗಿವಿ ತನಗೆ ಇಷ್ಟವಾದ ಮಾತುಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿತ್ತು.

"ಯಾಕ ನಿಂತ್ರಿ ತಮ್ಮಾ?"

"ಇಗ್ನಿಷನ್, ಅಜ್ಜಾ."

"ಆಂ?"

"ಇಗ್ನಿಷನ್! ಎಲೆಕ್ಟ್ರಾನಿಕ್ ಇಗ್ನಿಷನ್! ಅದಕ್ಕ ನಿಂತೇನಿ!"

ಸಂಗಪ್ಪಜ್ಜನ ಮುಖ ಗಂಭೀರವಾಯಿತು. ಮಂಡಲ ಪಂಚಾಯಿತಿ ಚುನಾವಣೆ ಸಾರಿದ ವಾರವದು. ಆ ಸೀಮೆಯ ಯಾವ ಕಿವಿಯೊಳಗೂ ಇಲೆಕ್ಷನ್ ಬಿಟ್ಟು ಬೇರೆ ಮಾತಿಗೆ ಜಾಗವಿರಲಿಲ್ಲ. ಅಜ್ಜ ಜರಗಿ ಕುಳಿತು, ಮರ್ಯಾದೆಯಿಂದ ಮುಂದಿನ ಪ್ರಶ್ನೆ ಕೇಳಿದ.

"ಒಬ್ಬರೇ ನಿಂತೀರೋ, ಹಿಂದ ಯಾರರೆ ಅದಾರೋ?"

ತುಳಜಾರಾಮ ಹಿಂದಿನ ಸೀಟು ನೋಡಿಕೊಂಡ. "ಒಬ್ಬನೇ, ಅಜ್ಜಾ. ಹಿಂದ ಯಾರೂ ಇಲ್ಲ."

"ಸ್ವತಂತ್ರ," ಎಂದು ಅಜ್ಜ ಗಯಾಬಾಯಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ. ಕಿವುಡರು ಮೆಲ್ಲಗೆ ಹೇಳಿದ್ದು ಊರ ಕೊನೆಯ ಮನೆಗೂ ಕೇಳಿಸುತ್ತದೆ.

ಅರ್ಧ ತಾಸಿನಲ್ಲಿ ಹುಣಸೆಮರದ ಕೆಳಗೆ ಜನ ಕೂಡಿದರು. ತುಳಜಾರಾಮನಿಗೆ ಬ್ಯಾಟರಿಯ ನೀರು ಇಂಗಿರಬಹುದೆಂಬ ಅನುಮಾನ ಬಂದು, "ನಿಮ್ಮೂರಾಗ ಸ್ವಚ್ಛ ನೀರು ಸಿಗ್ತದೇನ್ರಿ?" ಎಂದು ಕೇಳಿದ. ಇಂಥ ಪ್ರಶ್ನೆಯನ್ನು ಚಿಂಚವಾಡಿಯವರಿಗೆ ಆವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಒಮ್ಮೆಲೇ ಬಾಯಿ ತೆರೆದರು. ಹ್ಯಾಂಡ್‌ಪಂಪು ಕೆಟ್ಟದ್ದು, ಬಾವಿಯಲ್ಲಿ ಹಂದಿ ಬಿದ್ದದ್ದು, ಹೆಣ್ಣುಮಕ್ಕಳು ಹಳ್ಳಕ್ಕೆ ಹೋಗುವುದು ಎಲ್ಲವೂ ಬಂತು. ತುಳಜಾರಾಮನ ಕಣ್ಣು ಬ್ಯಾಟರಿಯ ಮೇಲೆಯೇ ಇತ್ತು.

"ಹಿಂಗಾದ್ರ ಹ್ಯಾಂಗ್ರಿ? ಇದು ದುರಸ್ತ ಆಗಬೇಕು," ಎಂದ ಚಿಂತೆಯಿಂದ. "ಮೊದಲ ಕರೆಂಟ್ ಬರಾಕತ್ತದೋ ಇಲ್ಲೋ ನೋಡಬೇಕು."

"ಬರೋದಿಲ್ರಿ! ಸಂಜಿ ಆತಂದ್ರ ಬರೋದೇ ಇಲ್ರಿ!" ಎಂದು ಜನ ಕೂಗಿದರು.

ಅಷ್ಟರಲ್ಲಿ ಸುಮ್ಮನೆ ಒದ್ದ ಒಂದು ಒದೆತಕ್ಕೆ ಗಾಡಿ ಚಾಲೂ ಆಯಿತು. ತುಳಜಾರಾಮ ಕುಡಿದ ಚಹಾಕ್ಕೆ ಚಿಲ್ಲರೆ ಕೊಟ್ಟು, ಎಲ್ಲರಿಗೂ ಕೈ ಮುಗಿದು ಹೋದ. ಇಲೆಕ್ಷನ್ನಿಗೆ ನಿಂತವನೊಬ್ಬ ತಾನು ಕುಡಿದ ಚಹಾಕ್ಕೆ ತಾನೇ ದುಡ್ಡು ಕೊಟ್ಟದ್ದನ್ನು ಗಯಾಬಾಯಿ ಅಂದು ಮೊದಲ ಬಾರಿ ಕಂಡಳು.

ಸಂಜೆ ಹುಮನಾಬಾದಿನಿಂದ ಬರುವಾಗ ಗಾಡಿ ಮತ್ತೆ ಚಿಂಚವಾಡಿಯಲ್ಲೇ ನಿಂತಿತು. ಅತ್ತಿಂದ ಬಂದರೂ ಇತ್ತಿಂದ ಬಂದರೂ ಅದು ಅರ್ಧ ದಾರಿಯೇ ಅಲ್ಲವೇ? ಮರುದಿನವೂ ಅದೇ ಆಯಿತು. ಅದರ ಮರುದಿನವೂ ಅದೇ.

ಅಲ್ಲಾಬಕ್ಷ ದಿನಕ್ಕೊಂದು ರೋಗ ಕಂಡುಹಿಡಿದ. ಮೊದಲು ಪ್ಲಗ್ಗು ಎಂದ; ಹೊಸ ಪ್ಲಗ್ಗು ಬಂತು. ಆಮೇಲೆ ಪೆಟ್ರೋಲಿನಲ್ಲಿ ಕಸ ಎಂದ, ಟಾಕಿ ತೊಳೆದದ್ದಾಯಿತು. ಆಮೇಲೆ ವಾಯರು ಎಂದ. ಕೊನೆಗೆ ಬಿಸ್ಕಿಟ್ ಡಬ್ಬಿಗೆ ಗಾಳಿ ಸಾಲದೆಂದು ಅದನ್ನು ಹ್ಯಾಂಡಲ್ಲಿನ ಮೇಲೆ ಕಟ್ಟಿ, ಒಂದು ತಂತಿಯನ್ನು ಏರಿಯಲ್ಲಿನಂತೆ ಮೇಲಕ್ಕೆ ಎತ್ತಿ ನಿಲ್ಲಿಸಿದ. ಗಾಡಿ ಯಾವ ಉಪಚಾರಕ್ಕೂ ಬಗ್ಗದೆ ಚಿಂಚವಾಡಿಯಲ್ಲಿ ನಿಂತಿತು. ತುಳಜಾರಾಮ ನೆಲದ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ಸಾಮಾನು ಬಿಚ್ಚಿಟ್ಟುಕೊಂಡು ಕೂರುತ್ತಿದ್ದ. ಜನ ಸುತ್ತ ಕೂತು ತಮ್ಮ ಸಂಕಟ ಹೇಳುತ್ತಿದ್ದರು. ಅವನು ಸ್ಕ್ರೂ ತಿರುಗಿಸುತ್ತಾ "ಹೌದ್ರಿ, ಹೌದ್ರಿ, ಭಾಳ ತ್ರಾಸಿಂದು" ಎನ್ನುತ್ತಿದ್ದ. ಜನರ ನಡುವೆ ಮಣ್ಣಿನಲ್ಲಿ ಕುಳಿತು, ಕೈ ಕೊಳೆ ಮಾಡಿಕೊಂಡು, ಭಾಷಣವಿಲ್ಲದೆ ಕೇಳಿಸಿಕೊಳ್ಳುವ ಇಂಥ ಮನುಷ್ಯನನ್ನು ಆ ಹಳ್ಳಿ ಕಂಡಿರಲಿಲ್ಲ. ಹೊರಡುವಾಗ ಹತ್ತು ಜನ ಸೇರಿ ಗಾಡಿಯನ್ನು ದೂಡಿ ಕಳಿಸುತ್ತಿದ್ದರು.

ಸುದ್ದಿ ಮಚ್ಚೇಂದ್ರನ ಕಿವಿಗೆ ಬಿತ್ತು. ಚಿಂಚವಾಡಿಯ ಏಕೈಕ ಜೀಪು ಅವನದು. ಅವಿರೋಧವಾಗಿ ಆರಿಸಿ ಬರುತ್ತೇನೆಂದು ಮೊದಲೇ ಪೇಟ ಹೊಲಿಸಿಟ್ಟಿದ್ದವನೂ ಅವನೇ.

"ಯಾವನಂವ? ಏನೇನು ಮಾತಾಡಾಕತ್ತಾನ?" ಎಂದು ಆಳನ್ನು ಕೇಳಿದ.

"ಭಾಳ ಮಾತಾಡೋದಿಲ್ರಿ ಸಾವಕಾರ್ರ. ನೀರು ಹ್ಯಾಂಗದ ಅಂತಾನ, ಕರೆಂಟ್ ಬರ್ತದೇನು ಅಂತಾನ. ಗಾಡಿ ಮ್ಯಾಲ ವಾಯರ್‌ಲೆಸ್ ಇಟ್ಕೊಂಡಾನ್ರಿ. ಎಲ್ಲಾ ಮ್ಯಾಲಿನವರಿಗೆ ಮುಟ್ಟಸ್ತಾನಂತ ಕಾಣಸ್ತದ."

ಮಚ್ಚೇಂದ್ರ ಮರುದಿನವೇ ಹ್ಯಾಂಡ್‌ಪಂಪು ರಿಪೇರಿ ಮಾಡಿಸಿದ. ತುಳಜಾರಾಮ ಬಂದು ನಿಂತು, ಪಂಪಿನ ನೀರು ಕುಡಿದು "ಛಲೋ ಆತ್ರಿ" ಎಂದ. ಊರವರ ಹೊಗಳಿಕೆ ತನಗೆ ಸಲ್ಲದೆ ಅವನಿಗೇ ಸಂದಿತೆಂದು ಮಚ್ಚೇಂದ್ರನಿಗೆ ಉರಿಯಿತು. ಕಂಬಕ್ಕೆ ದೀಪ ಹಾಕಿಸಿದ. ಸಾಲೆಯ ಮಾಡಿಗೆ ತಗಡು ಹೊದಿಸಿದ. ಊರವರು ಲೆಕ್ಕ ಹಾಕಿದರು. ಈ ಮನುಷ್ಯ ಅರ್ಧ ತಾಸು ನಿಂತರೆ ಇಷ್ಟಾಗುವುದಾದರೆ, ಒಂದು ತಾಸು ನಿಂತರೆ ಏನೇನಾಗಬಹುದು? ಅಂದಿನಿಂದ ಗಯಾಬಾಯಿ ಚಹಾದ ಜೊತೆ ಬಿಸಿ ಭಜಿ ಕರಿಯತೊಡಗಿದಳು. ಗಾಡಿ ತಾನಾಗಿ ಚಾಲೂ ಆದ ದಿನವೂ "ಇನ್ನ ಜರಾ ಕೂಡ್ರಿ" ಎಂದು ಸಂಗಪ್ಪಜ್ಜ ಅವನ ಟವೆಲ್ಲಿನ ಮೇಲೆ ತಾನೇ ಕುಳಿತುಬಿಡುತ್ತಿದ್ದ.

ಬಸವಕಲ್ಯಾಣಕ್ಕೆ ಈ ಸುದ್ದಿ ಬಸ್ಸಿನಲ್ಲಿ ಬಂತು. ಒಂದು ಸಂಜೆ ತುಳಜಾರಾಮ ಮನೆಗೆ ಬಂದಾಗ ಅಂಗಳದಲ್ಲಿ ಕಾಶಿರಾಮ ಹೂವಿನ ಹಾರ ಹಿಡಿದು ನಿಂತಿದ್ದ. ಹಿಂದೆ ಹಲ್ಲು ಕಿಸಿದು ಉತ್ತಮ ನಿಂತಿದ್ದ.

"ದಾಜಿ! ಚಿಂಚವಾಡಿಯಾಗ ನಿಂತೀರಂತ!"

ಗಾಡಿ ದಾರಿಯಲ್ಲಿ ನಿಂತದ್ದಕ್ಕೆ ಹಾರ ತಂದು ಅಣಕಿಸುವಷ್ಟು ಈ ಹುಡುಗ ಮುಂದುವರಿದನಲ್ಲ ಎಂದು ತುಳಜಾರಾಮನಿಗೆ ಸಿಟ್ಟು ಬಂತು.

"ನಿಂತೇನಿ! ಏನೀಗ? ನಿನ್ನ ಸ್ಕೂಟರ್ ನಾಳಿ ನಿಂದ್ರೋದಿಲ್ಲೇನು?"

"ಸ್ಕೂಟರ್‌ದು ಬಿಡ್ರಿ, ನಿಮಗ ನಾ ಅದೇನಿ. ಮೋರಖಂಡಿಯಿಂದ ಮಂದಿ ಕರ್ಕೊಂಡು ಬರ್ತೇನಿ."

"ಮಂದಿ ಬ್ಯಾಡ! ಈಗ ಅದಾರಲ್ಲ, ಅಷ್ಟೇ ಮಂದಿ ದೂಡಾಕ ಸಾಕು!"

ಒಳಗೆ ಅಂಬುಬಾಯಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. "ಊರಿಗೆಲ್ಲಾ ಗೊತ್ತದ. ನನಗೊಬ್ಬಾಕಿಗೆ ಹೇಳಲಿಲ್ಲ ನೋಡ್ರಿ."

"ಅದೇನು ಹೇಳ್ಕೊಳ್ಳೋ ಮಾತೇನು? ಇಜ್ಜತಿನ ಪ್ರಶ್ನಿ."

"ಇಜ್ಜತ್ ಅಂತಲೇ ಹೇಳಬೇಕಲ್ರಿ! ಅಲ್ಲಿ ಯಾರೋ ಗಯಾಬಾಯಿ ದಿನಾ ಭಜಿ ಮಾಡಿ ತಿನ್ನಸ್ತಾಳಂತ. ಹ್ವಾದವರಿಗೆ ಬಂದವರಿಗೆ ನಿಮ್ಮ ಹೆಸರು ಹೇಳಾಕತ್ತಾಳಂತ."

"ಪಾಪ, ಭಾಳ ಛಲೋ ಹೆಣಮಗಳು. ನಾ ನಿಂತಾಗಿನಿಂದ ಆಕಿನೇ ಎಲ್ಲಾ ನೋಡ್ಕೋತಾಳ," ಎಂದ ತುಳಜಾರಾಮ ಪ್ರಾಮಾಣಿಕವಾಗಿ. ಆ ರಾತ್ರಿ ಅವನಿಗೆ ಬಡಿಸಿದ್ದು ತಂಗಳು ರೊಟ್ಟಿ, ಅದೂ ದೂರದಿಂದ.

ಇಷ್ಟರಲ್ಲಿ ಗಾಡಿಯ ರೋಗ ಸಿಕ್ಕಿತು. ಸಿಕ್ಕಿದ್ದು ಹೀಗೆ: ಒಂದು ಬೆಳಿಗ್ಗೆ ಹುಣಸೆಮರದ ಕೆಳಗೆ ಗಾಡಿ ನಿಂತಕೂಡಲೇ ತುಳಜಾರಾಮ ಟಾಕಿಯ ಕೆಳಗೆ ಕೈ ಹಾಕಿ ಆಧಾರಕ್ಕೆಂದು ಕಾಯಿಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ಕ್ಷಣ ಅವನು ನೆಲದಿಂದ ಒಂದು ಮೊಳ ಮೇಲಿದ್ದ. "ಅಯ್ಯಯ್ಯೋ ಸುಟ್ಟಿತೋ!" ಎಂಬ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿದವು. "ಜೋಶ್ ನೋಡ್ರಿ ಜೋಶ್!" ಎಂದು ಸಂಗಪ್ಪಜ್ಜ ಚಪ್ಪಾಳೆ ತಟ್ಟಿದ.

ಹುಮನಾಬಾದಿನ ಅಂಗಡಿಯಲ್ಲಿ ಬೊಬ್ಬೆ ಎದ್ದ ಬೆರಳುಗಳನ್ನು ನೋಡಿ ಅಲ್ಲಾಬಕ್ಷ ತಲೆಯಾಡಿಸಿದ. "ಯಾರೋ ಅಡ್ನಾಡಿ ಆರು ವೋಲ್ಟಿನ ಕಾಯಿಲ್‌ಗೆ ಹನ್ನೆರಡು ವೋಲ್ಟ್ ಕೊಟ್ಟಾನ ನೋಡ್ರಿ. ಅರ್ಧ ದಾರಿಗೆ ಕಾದು ಕೆಂಡ ಆಗ್ತದ, ಕಿಡಿ ಹಾರೋದು ಬಂದ್. ಆರಿತಂದ್ರ ಮತ್ತ ಚಾಲೂ."

"ಕೊಟ್ಟವರು ನೀವೇ ಅಲ್ಲೇನ್ರಿ?"

"ಅದ್ಯಾಕೀಗ ಹಳೇ ಮಾತು? ಹನ್ನೆರಡು ವೋಲ್ಟಿನ ಕಾಯಿಲ್ ಬೇಕು. ಇಲ್ಲೆಲ್ಲೂ ಸಿಗೋದಿಲ್ಲ. ಹೈದರಾಬಾದಿನಿಂದ ಬರಬೇಕು."

ಹೈದರಾಬಾದಿಗೆ ಹೋಗಲು ರಜೆ ಕೇಳಬೇಕೆಂದು ತುಳಜಾರಾಮ ಸಾಹೇಬರ ಕೋಣೆಯ ಬಾಗಿಲಿಗೆ ಹೋದ. ಅಷ್ಟರಲ್ಲಿ ಸಾಹೇಬರೇ ಅವನನ್ನು ಒಳಗೆ ಕರೆದರು. ಮಂಡಲದ ಚುನಾವಣಾಧಿಕಾರಿಯ ಕೆಲಸ ಅವರ ಹೆಗಲಿಗೆ ಬಿದ್ದು, ಅವರ ಮುಖ ಸಾಣೆಗಲ್ಲಿನಂತಾಗಿತ್ತು.

"ತುಳಜಾರಾಮ, ನೀ ಚಿಂಚವಾಡಿಯಾಗ ನಿಂತದ್ದು ಖರೇ ಏನು?"

"ಖರೇರಿ ಸಾಹೇಬ್ರ. ದಿನಾ ನಿಂದ್ರತೇನ್ರಿ."

"ದಿನಾ?"

"ಬರೋವಾಗೊಮ್ಮೆ, ಹೋಗೋವಾಗೊಮ್ಮೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಸರ್ಕಾರಿ ನೌಕರ ನಿಂದ್ರಬಾರದು ಅನ್ನೋ ಕಾಯ್ದೆ ಗೊತ್ತದೋ ಇಲ್ಲೋ?"

ದಾರಿಯಲ್ಲಿ ಗಾಡಿ ಕೆಡುವುದಕ್ಕೂ ಕಾಯ್ದೆ ಬಂದದ್ದು ತುಳಜಾರಾಮನಿಗೆ ಹೊಸ ವಿಷಯ. ಆದರೂ ಸರ್ಕಾರ ಏನನ್ನೂ ಬಿಟ್ಟಿಲ್ಲವೆಂಬ ನಂಬಿಕೆ ಅವನಿಗಿತ್ತು. "ನಾ ಬೇಕಂತ ನಿಂದ್ರೋದಿಲ್ರಿ ಸಾಹೇಬ್ರ. ಅಲ್ಲಿಗೆ ಹೋದ ಮ್ಯಾಲ ಕಾವು ಏರ್ತದ, ನಿಂತು ಹೋಗ್ತದ."

"ಕಾವು ಏರ್ತದ! ನಿನ್ನ ಹಿಂದ ನಿಂತು ದೂಡೋರು ಯಾರು, ಅವರ ಹೆಸರು ಹೇಳು."

"ಒಬ್ಬರಂತ ಹ್ಯಾಂಗ ಹೇಳ್ಲಿ? ಇಡೀ ಊರೇ ದೂಡ್ತದ."

ಸಾಹೇಬರು ಮೇಜು ಗುದ್ದಿದರು. "ನಾಳಿ ಆಖ್ರಿ ದಿನ. ಮೂರು ಗಂಟೇಕ ನಾ ಬಾಗಲಾ ಮುಚ್ಚತೇನಿ. ಅಷ್ಟರೊಳಗ ನನ್ನ ಮುಂದ ಬಂದು, ನಿಂತಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ನಿಂತಿ ಅಂದ್ರ ನೌಕರಿ ಹೋತು ತಿಳಿ."

ತುಳಜಾರಾಮ ಬೆವರಿದ. ನಾಳೆ ಮೂರರೊಳಗೆ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಕಚೇರಿಗೆ ಬಂದು ಮುಟ್ಟದಿದ್ದರೆ ಕೆಲಸ ಹೋಗುತ್ತದೆ ಎಂಬುದಷ್ಟೇ ಅವನಿಗೆ ತಿಳಿದದ್ದು. ಬಸ್ಸಿನಲ್ಲಿ ಬರಬಹುದಿತ್ತು, ನಿಜ. ಆದರೆ ಗಾಡಿಯಿದ್ದವನ ತಲೆಯಲ್ಲಿ ಬಸ್ಸು ಹೊಳೆಯುವುದಿಲ್ಲ.

ಅದೇ ಸಂಜೆ ಚಿಂಚವಾಡಿಯಲ್ಲಿ ಮಚ್ಚೇಂದ್ರ ಅವನಿಗಾಗಿ ಕಾಯುತ್ತಿದ್ದ. ಗಾಡಿ ಕೆಮ್ಮಿ ನಿಂತ ಕೂಡಲೇ ಜನರನ್ನು ದೂರ ಸರಿಸಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ.

"ತುಳಜಾರಾಮರ, ಸೀದಾ ಮಾತು. ನೀವು ಇಲ್ಲಿ ನಿಂದ್ರಬ್ಯಾಡ್ರಿ."

"ನನಗೇನು ನಿಂದ್ರೋ ಹುಕಿ ಅದ ಅಂತ ತಿಳಿದೀರೇನ್ರಿ? ನಿಂತು ನಿಂತು ಬ್ಯಾಸತ್ತೇನಿ. ನಾಳಿ ನಿಂತ್ನೆಂದ್ರ ನೌಕರಿನೂ ಹೋಗ್ತದ."

ಮಚ್ಚೇಂದ್ರನಿಗೆ ಜೀವ ಬಂತು. "ಮತ್ತೇನು ಬೇಕು, ಹೇಳ್ರಲಾ."

"ಒಂದು ಕಾಯಿಲ್ ಸಿಕ್ರ ಸಾಕ್ರಿ. ಆ ಗಳಿಗಿಂದ ನಿಂದ್ರೋದು ಬಿಟ್ಟೆ."

ಹಿಂದಕ್ಕೆ ಸರಿಯಲು ಎಮ್ಮೆ ಕೇಳಿದವರನ್ನು, ಗುತ್ತಿಗೆ ಕೇಳಿದವರನ್ನು ಮಚ್ಚೇಂದ್ರ ಬಲ್ಲ. ಕಾಯಿಲ್ ಕೇಳಿದವನು ಇವನೇ ಮೊದಲು. "ಎಂಥಾದ್ದು?"

"ಹನ್ನೆರಡು ವೋಲ್ಟಿಂದು."

"ಹನ್ನೆರಡು ಓಟು?"

"ಹೂಂನ್ರಿ. ಈಗ ನನ್ನ ಬಲ್ಲಿ ಇರೋದು ಆರೇ."

ಮಚ್ಚೇಂದ್ರ ದಂಗಾದ. ಬರೇ ಆರು ಓಟು ಇಟ್ಟುಕೊಂಡು ಈ ಮನುಷ್ಯ ತನ್ನಿಂದ ಪಂಪು, ದೀಪ, ತಗಡು ಎಲ್ಲವನ್ನೂ ಮಾಡಿಸಿದ್ದ!

"ಆರರ ಮ್ಯಾಲ ಅರ್ಧ ದಾರಿ ಬಂದೇನಿ ಸಾವಕಾರ್ರ," ಎಂದ ತುಳಜಾರಾಮ, ಬೊಬ್ಬೆಯೆದ್ದ ಬೆರಳು ಊದಿಕೊಳ್ಳುತ್ತಾ. "ಹನ್ನೆರಡು ಸಿಕ್ರ ನನ್ನ ತಡಿಯೋರು ಯಾರೂ ಇಲ್ಲ. ಸೀದಾ ಹುಮನಾಬಾದ್!"

ಇದು ಧಮಕಿ ಎಂದು ಮಚ್ಚೇಂದ್ರನಿಗೆ ಅನ್ನಿಸಿತು. ರಾತ್ರೋರಾತ್ರಿ ಜೀಪು ಹುಮನಾಬಾದಿನಲ್ಲಿ ಅಲ್ಲಾಬಕ್ಷನನ್ನು ಹತ್ತಿಸಿಕೊಂಡು, ಮನ್ನಾಎಖೇಳಿ ದಾಟಿ ಹೈದರಾಬಾದಿಗೆ ಓಡಿತು.

ಮರುದಿನ ಬೆಳಿಗ್ಗೆ ಹುಣಸೆಮರದ ಕೆಳಗೆ ಇಡೀ ಊರು ಸೇರಿತ್ತು. ಮಚ್ಚೇಂದ್ರ ಹಿತ್ತಾಳೆಯ ತಟ್ಟೆಯಲ್ಲಿ ತೆಂಗಿನಕಾಯಿ, ಅರಿಶಿನ, ಕುಂಕುಮ, ನಡುವೆ ಹೊಸ ಕಾಯಿಲನ್ನಿಟ್ಟು ತಂದ. ಬಹಿರಂಗವಾಗಿ ಒಂದು ಮಾತು ಹೇಳಿಬಿಡಬೇಕೆಂದು ಕೇಳಿಕೊಂಡ. ತುಳಜಾರಾಮನಿಗೆ ಕಣ್ಣು ತುಂಬಿ ಬಂತು. ಒಂದು ಮೋಟಾರ್ ಸೈಕಲ್ಲಿಗಾಗಿ ಇಷ್ಟು ಮರುಗುವ ಊರು ಉಂಟೇ ಎಂದು ಬೆಂಚಿನ ಮೇಲೆ ಹತ್ತಿ ನಿಂತ.

"ಚಿಂಚವಾಡಿಯ ಮಹಾಜನರ! ಇಷ್ಟು ದಿನ ನನ್ನ ಕೈ ಹಿಡಿದ್ರಿ, ದೂಡಿದ್ರಿ. ನಿಮ್ಮ ಉಪಕಾರ ಮರಿಯೋದಿಲ್ಲ. ಇವತ್ತು ಸಾವಕಾರ್ರ ದಯದಿಂದ ಕಾಯಿಲ್ ಸಿಕ್ಕದ. ಇನ್ನ ಮ್ಯಾಲ ನಾ ಇಲ್ಲಿ ನಿಂದ್ರೋದಿಲ್ಲ!"

ಮಚ್ಚೇಂದ್ರನ ಆಳುಗಳು ಪಟಾಕಿ ಹಚ್ಚಿದರು. ಊರವರು ಮಾತ್ರ ಸಾವಿನ ಮನೆಯಂತೆ ಕುಳಿತರು. "ಒಂದು ಡಬ್ಬಿಗೆ ಮಾರ್ಕೊಂಡ್ಯಲ್ಲೋ ತಮ್ಮಾ," ಎಂದು ಸಂಗಪ್ಪಜ್ಜ ಪೇಟದ ತುದಿಯಿಂದ ಮೂಗೊರೆಸಿಕೊಂಡ. ಪಟಾಕಿಯ ಸದ್ದಿನಲ್ಲಿ ತುಳಜಾರಾಮನಿಗೆ ಅದು ಆಶೀರ್ವಾದದಂತೆ ಕೇಳಿಸಿತು.

ಅಲ್ಲಾಬಕ್ಷ ಕಾಯಿಲ್ ಕೂರಿಸಲು ಶುರು ಮಾಡಿದ. ಮೊದಲ ಸಲ ವಾಯರು ಅದಲುಬದಲಾಗಿ ಹೊಗೆಕೊಳವೆಯಿಂದ ತೋಪು ಹಾರಿದಂತಾಯಿತು. ಎರಡನೆಯ ಸಲ ಹಾರನ್ ಒತ್ತಿದರೆ ದೀಪ ಹತ್ತಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತು. ಬಸ್ಸೂ ಹೋಗಿಬಿಟ್ಟಿತ್ತು. ತುಳಜಾರಾಮ ಗಾಬರಿಯಿಂದ ಗಾಡಿ ಹತ್ತುವಾಗ ಗಯಾಬಾಯಿ ಚಹಾದ ಕೆಟಲಿಯನ್ನು ಸದ್ದಾಗುವಂತೆ ಕೆಳಗಿಟ್ಟು ಬಂದಳು.

"ನೀವು ನಿಂದ್ರೋದಿಲ್ಲಂದ್ರ ನಾ ನಿಂದ್ರತೇನಿ! ಹುಮನಾಬಾದಿಗೆ ಹೋಗಬೇಕು, ಮೂರರೊಳಗ."

"ನಾನೂ ಮೂರರೊಳಗ ಮುಟ್ಟಬೇಕು. ಕೂಡ್ರಿ ಬಾಯಿ, ಕೂಡ್ರಿ," ಎಂದ ತುಳಜಾರಾಮ. ಯಾಕೆ ಎತ್ತ ಎಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ. ಭಜಿಯ ಋಣ ಬೇರೆ.

"ಸೂಚಕ ಬೇಕು, ಸೂಚಕ!" ಎಂದು ಕೂಗುತ್ತಾ ಸಂಗಪ್ಪಜ್ಜನೂ ಹಿಂದೆ ಹತ್ತಿದ. ಅವನು ಗಯಾಬಾಯಿಯ ಕೆಟಲಿಯನ್ನು ಯಾಕೆ ಹಿಡಿದುಕೊಂಡಿದ್ದನೆಂಬುದು ಅವನಿಗೂ ಗೊತ್ತಿರಲಿಲ್ಲ.

ಮೂವರನ್ನೂ ಹೊತ್ತ ಗಾಡಿ ಒಂದೇ ಒದೆತಕ್ಕೆ ಹೊರಟಿತು. ಮಚ್ಚೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಫಟಫಟಿ ಮುಟ್ಟೋದೇನು? ಇಲ್ಲೇ ಮುಂದ ನಿಂದ್ರತದ!" ಎಂದವನು, ಹೊಸ ಕಾಯಿಲನ್ನು ತಂದುಕೊಟ್ಟವನು ತಾನೇ ಎಂಬುದು ನೆನಪಾಗಿ ಜೀಪಿಗೆ ಹಾರಿದ. ಆದರೆ ಜೀಪಿನ ಮುಂದೆ ಊರ ಹೆಂಗಸರೆಲ್ಲ ತುಂಬಿದ ಕೊಡ ಹೊತ್ತು ಬಂದು ನಿಂತಿದ್ದರು. ಹ್ಯಾಂಡ್‌ಪಂಪು ಮಾಡಿಸಿಕೊಟ್ಟ ಸಾವಕಾರರಿಗೆ ಆರತಿ ಎತ್ತಬೇಕಂತೆ. ಆರತಿ ಬಹಳ ಹೊತ್ತು ನಡೆಯಿತು. ಹಾಡುಗಳೂ ಇದ್ದವು.

ಹುಮನಾಬಾದಿನ ಕಚೇರಿಯಲ್ಲಿ ಸಾಹೇಬರು ಗೋಡೆಯ ಗಡಿಯಾರದ ಕೆಳಗೆ ಕುಳಿತಿದ್ದರು. ಮೂರಕ್ಕೆ ಇನ್ನೇನು ಮುಳ್ಳು ಮುಟ್ಟಬೇಕು, ಅಂಗಳದಲ್ಲಿ ಫಟಫಟ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ತುಳಜಾರಾಮ, ಅವನ ಹಿಂದೆ ಊರ ಮಂದಿ! ಸಾಹೇಬರು ಎದ್ದು ಬಾಗಿಲಿಗೇ ಬಂದರು.

"ಕಡೀಕೂ ನಿಂತ್ಯಾ ತುಳಜಾರಾಮ?"

ತುಳಜಾರಾಮನ ಮುಖ ಧೂಳಿನೊಳಗೂ ಬೆಳಗಿತು. "ಇಲ್ರಿ ಸಾಹೇಬ್ರ! ಕಾಯಿಲ್ ಹಾಕಿಸಿದ ಮ್ಯಾಲ ಎಲ್ಲೂ ನಿಂತಿಲ್ರಿ! ಬೇಕಾದ್ರ ಇವರನ್ನ ಕೇಳ್ರಿ!"

"ಅಂವ ನಿಂತಿಲ್ರಿ," ಎಂದು ಗಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಇಲೆಕ್ಷನ್‌ಗೆ ನಿಂತಾಕಿ ನಾನು. ಕಾಗದ ಕೊಡ್ರಿ."

ಇಲೆಕ್ಷನ್ ಎಂಬ ಶಬ್ದ ತುಳಜಾರಾಮನ ಕಿವಿಗೆ ಬಿದ್ದದ್ದು ಆಗ. ಅವನು ಗಯಾಬಾಯಿಯನ್ನು ನೋಡಿದ, ಸಾಹೇಬರನ್ನು ನೋಡಿದ. ಹಾರ, ಭಜಿ, ಹನ್ನೆರಡು ಓಟು, ತಂಗಳು ರೊಟ್ಟಿ ಎಲ್ಲವೂ ಒಂದರ ಹಿಂದೊಂದು ತಲೆಯೊಳಗೆ ಬಂದು ನಿಂತವು. ಅವನು ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕುಳಿತಲ್ಲಿಂದಲೇ, ಅಭ್ಯಾಸಬಲದಿಂದ, "ಅರ್ಜಿ ನಾ ತುಂಬಿ ಕೊಡ್ಲೇನ್ರಿ?" ಎಂದ.

"ಕೈ ಹಿಂದಕ್ಕ ತಗಿ!" ಎಂದು ಸಾಹೇಬರು ಗರ್ಜಿಸಿದರು.

ಚುನಾವಣೆ ನಡೆಯಿತು. ಮಚ್ಚೇಂದ್ರನ ಪೇಟ ಪೆಟ್ಟಿಗೆಯಲ್ಲೇ ಉಳಿಯಿತು. ಗಯಾಬಾಯಿ ಮಂಡಲದ ಸದಸ್ಯೆಯಾದಳು. ತುಳಜಾರಾಮ ಒಂದು ಭಾನುವಾರ ಅಂಬುಬಾಯಿಯನ್ನು ಹಿಂದೆ ಕೂರಿಸಿಕೊಂಡು ಚಿಂಚವಾಡಿಗೆ ಹೋಗಿ ನಡೆದದ್ದೆಲ್ಲವನ್ನೂ ಗಯಾಬಾಯಿಯ ಬಾಯಿಂದಲೇ ಹೇಳಿಸಿದ. ಅಂಬುಬಾಯಿ ಎಷ್ಟು ನಕ್ಕಳೆಂದರೆ, ಮರುದಿನದಿಂದ ರೊಟ್ಟಿ ಬಿಸಿಯಾಗಿಯೇ ಬರತೊಡಗಿತು.

ಕೆಲಸದ ದಿನಗಳಲ್ಲಿ ಅವನು ಆ ಊರನ್ನು ಒಂದೇ ಉಸಿರಿಗೆ ದಾಟಿ ಹೋಗುತ್ತಾನೆ. ಜನ ಕೈ ಎತ್ತುತ್ತಾರೆ, ಅವನು ಹಾರನ್ ಒತ್ತುತ್ತಾನೆ, ದೀಪ ಹತ್ತುತ್ತದೆ. ಗಾಡಿಯ ಧೂಳು ಅಡಗುವವರೆಗೂ ನೋಡಿ ಸಂಗಪ್ಪಜ್ಜ ಪಕ್ಕದಲ್ಲಿದ್ದವರಿಗೆ ಹೇಳುತ್ತಾನೆ:

"ಗಯಾಬಾಯಿ ಆರಿಸಿ ಬಂದಳು, ಖರೇ. ಆದ್ರ ಆ ತುಳಜಾರಾಮ ನಿಂತಂಗ ಮತ್ತ ಯಾರೂ ನಿಂದ್ರಲಿಲ್ಲ ನೋಡ್ರಿ."